ಬೆಟ್ಟ ಹತ್ತಲಾರದವರ ತೀರ್ಥಯಾತ್ರೆ

ಶ್ರವಣಬೆಳಗೊಳದ ಇತಿಹಾಸದಲ್ಲಿ 1981ನೆಯ ಇಸವಿಗೆ ವಿಶೇಷವಾದ ಸ್ಥಾನವಿದೆ. ಗಂಗರ ರಾಚಮಲ್ಲನ ಮಂತ್ರಿಯೂ ಸೇನಾನಿಯೂ ಆಗಿದ್ದ ಚಾವುಂಡರಾಯನು ಕ್ರಿ.ಶ. 981ರಲ್ಲಿ ವಿಂಧ್ಯಗಿರಿಯ ಮೇಲೆ ಪ್ರತಿಷ್ಠಾಪಿಸಿದ ಗೊಮ್ಮಟೇಶ್ವರ ಮೂರ್ತಿಗೆ ಆ ವರ್ಷ ಸಾವಿರ ವರ್ಷ ತುಂಬಿತು. ಆ ನಿಮಿತ್ತ ಜರುಗಿದ ಮಹಾಮಸ್ತಕಾಭಿಷೇಕಕ್ಕೆ ದೇಶದ ಮೂಲೆಮೂಲೆಗಳಿಂದ ಯಾತ್ರಿಕರು ಬಂದು ಸೇರಿದರು. ಅದೇ 1981ನ್ನು ವಿಶ್ವಸಂಸ್ಥೆಯು ಅಂತಾರಾಷ್ಟ್ರೀಯ ಅಂಗವಿಕಲರ ವರ್ಷವೆಂದು ಸಾರಿತ್ತು; ಪೂರ್ಣ ಸಹಭಾಗಿತ್ವ ಮತ್ತು ಸಮಾನತೆ ಆ ವರ್ಷದ ಧ್ಯೇಯವಾಗಿತ್ತು. ಅದೇ ವರ್ಷ, 'ಜಯಪುರ ಕಾಲು' ಎಂದು ಹೆಸರಾದ ಕೃತಕ ಪಾದವನ್ನು ರೂಪಿಸಿದವರಲ್ಲಿ ಒಬ್ಬರಾದ ಮೂಳೆ ಶಸ್ತ್ರವೈದ್ಯ ಡಾ. ಪಿ. ಕೆ. ಸೇಠಿಯವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಸಂದಿತು.

ಈ ಮೂರು ಸಂಗತಿಗಳು ಒಂದೇ ವರ್ಷದಲ್ಲಿ ಒದಗಿದ್ದು ಕಾಕತಾಳೀಯವೇ ಸರಿ. ಆದರೆ ಅವುಗಳನ್ನು ಒಟ್ಟಿಗಿಟ್ಟು ನೋಡಿದಾಗ ಒಂದು ಪ್ರಶ್ನೆ ಎದುರಾಗುತ್ತದೆ. ಕಾಲು ಕಳೆದುಕೊಂಡವನಿಗೆ ಕಾಲನ್ನು ಕೊಡುವ ಕಾರ್ಯದಲ್ಲಿ ಮುಂದೆ ನಿಂತ ಸಮಾಜವು, ಆತನು ತನ್ನ ಇಷ್ಟದ ಕ್ಷೇತ್ರವನ್ನು ತಲುಪುವ ದಾರಿಯ ಬಗೆಗೆ ಅಷ್ಟೇ ಆಸಕ್ತಿಯನ್ನು ವಹಿಸಿದೆಯೇ? ಮುಂದಿನ ದಿನಗಳ ತೀರ್ಥಯಾತ್ರೆ ಹೇಗಿರಬೇಕೆಂಬ ವಿಚಾರವು ಈ ಪ್ರಶ್ನೆಯಿಂದಲೇ ಆರಂಭವಾಗಬೇಕಾಗಿದೆ.

ಇದಕ್ಕೆ ಉತ್ತರವನ್ನು ಹುಡುಕುವ ಮೊದಲು ಬೆಟ್ಟದ ಚರಿತ್ರೆಯನ್ನು ಸ್ವಲ್ಪ ಅವಲೋಕಿಸುವುದು ಉಚಿತ. ವಿಂಧ್ಯಗಿರಿಯು ಸುತ್ತಲ ಬಯಲಿನಿಂದ ಸುಮಾರು 470 ಅಡಿ ಎತ್ತರಕ್ಕೆ ಎದ್ದು ನಿಂತಿರುವ ಏಕಶಿಲೆಯ ಗುಡ್ಡ. ಇಂದು ಯಾತ್ರಿಕನು ಬಂಡೆಯಲ್ಲಿ ಕಡಿದ ಆರುನೂರಕ್ಕೂ ಮಿಕ್ಕ ಮೆಟ್ಟಿಲುಗಳನ್ನು ಏರಿ ಸ್ವಾಮಿಯ ಸನ್ನಿಧಿಯನ್ನು ಸೇರುತ್ತಾನೆ. ಈ ಮೆಟ್ಟಿಲುಗಳು ಬೆಟ್ಟದೊಡನೆ ಹುಟ್ಟಿದವಲ್ಲ. ಅಖಂಡ ಬಾಗಿಲಿನ ಎರಡು ಪಕ್ಕಗಳಲ್ಲಿ ಭರತ ಮತ್ತು ಬಾಹುಬಲಿಯರ ಮೂರ್ತಿಗಳನ್ನು ಮಾಡಿಸಿದವನು ಹೊಯ್ಸಳರ ದಂಡನಾಯಕ ಭರತೇಶ್ವರ. ಹನ್ನೆರಡನೆಯ ಶತಮಾನದ ಅವನ ಶಾಸನವು, ಅಲ್ಲಿಯ ಸೋಪಾನಪಂಕ್ತಿಯನ್ನೂ ಅವನೇ ಕಟ್ಟಿಸಿದನೆಂದು ಹೇಳುತ್ತದೆ. ಗಂಗವಾಡಿಯಲ್ಲಿ ಎಂಬತ್ತು ಹೊಸ ಬಸದಿಗಳನ್ನು ನಿರ್ಮಿಸಿ, ಇನ್ನೂರು ಬಸದಿಗಳನ್ನು ಜೀರ್ಣೋದ್ಧಾರ ಮಾಡಿಸಿದ ಆ ಧರ್ಮಿಷ್ಠನು ತನ್ನ ಪುಣ್ಯಕಾರ್ಯಗಳ ಸಾಲಿನಲ್ಲಿ ಮೆಟ್ಟಿಲನ್ನೂ ಸೇರಿಸಿ ಹೇಳಿಕೊಂಡಿರುವುದು ಗಮನಾರ್ಹ. ಬಸದಿಯನ್ನು ಕಟ್ಟಿಸುವುದು ಹೇಗೆ ಧರ್ಮಕಾರ್ಯವೋ, ಬಸದಿಗೆ ಹೋಗುವ ದಾರಿಯನ್ನು ಸುಗಮಗೊಳಿಸುವುದೂ ಹಾಗೆಯೇ ಧರ್ಮಕಾರ್ಯವೆಂದು ಅಂದಿನವರು ತಿಳಿದಿದ್ದರು.

ಹೀಗೆ ನೋಡಿದರೆ ಮೆಟ್ಟಿಲು ಸಹ ಒಂದು ಕಾಲದಲ್ಲಿ ಹೊಸದಾಗಿ ಒದಗಿಸಿದ ಅನುಕೂಲವೇ. ನುಣುಪಾದ ಬಂಡೆಯನ್ನು ಏರಲಾರದ ವೃದ್ಧರಿಗೆ, ಸ್ತ್ರೀಯರಿಗೆ, ಮಕ್ಕಳಿಗೆ ಅದು ದಾರಿಯನ್ನು ತೆರೆಯಿತು. ಮಹಾಮಸ್ತಕಾಭಿಷೇಕದ ಸಮಯದಲ್ಲಿ ಮೂರ್ತಿಯ ಹಿಂದೆ ಎತ್ತುವ ಅಟ್ಟಳಿಗೆಯೂ ಇಂಥದೇ ಒಂದು ಏರ್ಪಾಡು. 58 ಅಡಿ ಎತ್ತರದ ಮೂರ್ತಿಯ ಮಸ್ತಕವನ್ನು ಮನುಷ್ಯನ ಕೈ ತಾನಾಗಿ ಮುಟ್ಟಲಾರದು. ಆದುದರಿಂದ ಅದನ್ನು ಮುಟ್ಟಿಸುವ ಸಾಧನವೊಂದನ್ನು ಸಮಾಜವು ಕಟ್ಟುತ್ತದೆ, ಉತ್ಸವ ಮುಗಿದ ಮೇಲೆ ಬಿಚ್ಚುತ್ತದೆ. ಮೂರ್ತಿಗೆ ಕಿಂಚಿತ್ತೂ ಚ್ಯುತಿ ಬಾರದಂತೆ ಈ ಕೆಲಸವನ್ನು ನಡೆಸುವ ಜಾಣ್ಮೆ ಇಲ್ಲಿಯ ಪರಂಪರೆಯಲ್ಲೇ ಇದೆ. ಕ್ಷೇತ್ರವು ಪ್ರಾಚೀನವಾದುದು, ಅಲ್ಲಿ ಯಾವ ಬದಲಾವಣೆಯೂ ಕೂಡದು ಎಂದು ಹೇಳುವವರು ಈ ಎರಡು ನಿದರ್ಶನಗಳನ್ನು ಮನಸ್ಸಿಗೆ ತಂದುಕೊಳ್ಳಬೇಕು.

ಮೆಟ್ಟಿಲನ್ನೂ ಏರಲಾಗದವರಿಗೆ ನೆರವಾದುದು ಡೋಲಿ. ವಿಂಧ್ಯಗಿರಿಯಲ್ಲಿ, ಮೂರೂವರೆ ಸಾವಿರದಷ್ಟು ಮೆಟ್ಟಿಲುಗಳಿರುವ ಪಾಲಿತಾಣದ ಶತ್ರುಂಜಯದಲ್ಲಿ, ಹತ್ತಿ ಸುತ್ತಿ ಇಳಿಯಲು ಒಟ್ಟು 27 ಕಿಲೋಮೀಟರುಗಳಷ್ಟು ನಡೆಯಬೇಕಾದ ಸಮ್ಮೇದ ಶಿಖರ್ಜಿಯಲ್ಲಿ ಡೋಲಿಯವರ ಹೆಗಲ ಮೇಲೆ ಎಷ್ಟೋ ಜನ ತಮ್ಮ ಜೀವಮಾನದ ಹಂಬಲವನ್ನು ಈಡೇರಿಸಿಕೊಂಡಿದ್ದಾರೆ. ಆ ಶ್ರಮಜೀವಿಗಳ ಉಪಕಾರ ಸಾಮಾನ್ಯವಾದುದಲ್ಲ. ಆದರೂ ಇಲ್ಲಿ ಧರ್ಮದ ಸೂಕ್ಷ್ಮವೊಂದಿದೆ. ಅಹಿಂಸಾಣುವ್ರತದ ಐದು ಅತಿಚಾರಗಳಲ್ಲಿ ಅತಿಭಾರಾರೋಪಣವೂ ಒಂದು. ಹೊರಲಾಗದಷ್ಟು ಭಾರವನ್ನು ಜೀವಿಯ ಮೇಲೆ ಹೇರುವುದು ವ್ರತಕ್ಕೆ ಕಲಂಕವೆಂದು ಆಚಾರ್ಯರು ಎಚ್ಚರಿಸಿದ್ದಾರೆ. ಎತ್ತಿನ ಬೆನ್ನಿಗೆ ಅನ್ವಯವಾಗುವ ಮಾತು ಮನುಷ್ಯನ ಹೆಗಲಿಗೂ ಅನ್ವಯವಾಗಬೇಕು. ಬಿಸಿಲಿಗೆ ಕಾದ ಬಂಡೆಯ ಮೇಲೆ ಬರಿಗಾಲಿನಲ್ಲಿ ಇನ್ನೊಬ್ಬರನ್ನು ಹೊತ್ತು ಏರುವವನಿಗೆ ನ್ಯಾಯವಾದ ಕೂಲಿ, ಹೊರೆಯ ಮಿತಿ, ನೆರಳು, ನೀರು, ವಿಶ್ರಾಂತಿ, ಅಪಘಾತವಾದಾಗ ವಿಮೆಯ ನೆರವು ಇವು ದೊರೆಯುವಂತೆ ನೋಡಿಕೊಳ್ಳುವುದು ಕ್ಷೇತ್ರದ ಆಡಳಿತದವರ ಹೊಣೆ. ಮೇಲೆ ಕುಳಿತವರಿಗೂ ಒಂದು ಸಂಕೋಚವಿರುತ್ತದೆ. ಇನ್ನೊಬ್ಬರ ಹೆಗಲಿಗೆ ಭಾರವಾಗದೆ, ತಮ್ಮ ವೇಳೆಗೆ ತಾವು ಬಂದು, ಬೇಕಾದಷ್ಟು ಹೊತ್ತು ಸ್ವಾಮಿಯ ಮುಂದೆ ಕುಳಿತಿರಬೇಕೆಂಬ ಆಸೆ ಅವರಿಗೂ ಸಹಜವಾದುದು.

ಈ ಸಂದರ್ಭದಲ್ಲಿ ಶಾಸ್ತ್ರದ ದೃಷ್ಟಿಯೇನೆಂಬುದನ್ನು ಪರಿಶೀಲಿಸುವುದು ಅಗತ್ಯ. ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ನಿರ್ವಿಚಿಕಿತ್ಸೆಯೆಂಬುದು ಒಂದು. ದೇಹದ ವಿಕಾರವನ್ನು ಕಂಡು ಅಸಹ್ಯಪಡದೆ, ಅದರೊಳಗಿರುವ ಗುಣವನ್ನು ಗೌರವಿಸುವುದೇ ಇದರ ತಾತ್ಪರ್ಯ. ಇದಕ್ಕೆ ನಿದರ್ಶನವಾಗಿ ಉದ್ದಾಯನ ಮಹಾರಾಜನ ಕಥೆಯನ್ನು ಹೇಳುವುದುಂಟು. ವ್ಯಾಧಿಗ್ರಸ್ತ ಮುನಿಯ ವೇಷದಲ್ಲಿ ಪರೀಕ್ಷೆಗೆ ಬಂದ ದೇವನನ್ನು ಆ ಅರಸನು ಹೇಸಿಗೆಯಿಲ್ಲದೆ ಉಪಚರಿಸಿದನು. ಅಂತರಂಗದ ಆರು ತಪಸ್ಸುಗಳಲ್ಲಿ ವೈಯಾವೃತ್ಯವೂ, ಎಂದರೆ ಸೇವೆಯೂ, ಸೇರಿದೆ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಇದನ್ನು ಶ್ರಾವಕರ ಶಿಕ್ಷಾವ್ರತಗಳಲ್ಲಿ ಒಂದಾಗಿ ಎಣಿಸಿ, ಆಹಾರ ಮತ್ತು ಔಷಧಗಳ ಜೊತೆಗೆ ಉಪಕರಣ ಮತ್ತು ಆವಾಸಗಳ ದಾನವನ್ನೂ ಅದರಲ್ಲಿ ಸೇರಿಸಿದ್ದಾರೆ. ಅಲ್ಲಿ ಉಪಕರಣವೆಂದರೆ ಮುನಿಗಳ ಸಂಯಮಕ್ಕೆ ಸಾಧನವಾದ ವಸ್ತುಗಳು. ಆ ಮಾತಿನ ಆಶಯವನ್ನು ವಿಸ್ತರಿಸಿದರೆ, ನಡೆಯಲಾಗದ ಶ್ರಾವಕನ ಧರ್ಮಸಾಧನೆಗೆ ಗಾಲಿಕುರ್ಚಿಯು ಉಪಕರಣವಾಗುತ್ತದೆ. ಆತನು ತಂಗಲು ಅನುಕೂಲವಾದ ಕೊಠಡಿಯು ಆವಾಸವಾಗುತ್ತದೆ.

ದೇಹದ ನ್ಯೂನತೆಯು ಪೂರ್ವಕರ್ಮದ ಫಲ, ಅದಕ್ಕೆ ಯಾರೇನು ಮಾಡಲಾದೀತು ಎಂಬ ಮಾತು ಆಗಾಗ ಕೇಳಿಬರುವುದುಂಟು. ಇದು ಕರ್ಮಸಿದ್ಧಾಂತವನ್ನು ಅರ್ಧದಷ್ಟು ಮಾತ್ರ ತಿಳಿದವರ ಮಾತು. ಶರೀರದ ರಚನೆಗೆ ನಾಮಕರ್ಮವು ಕಾರಣವೆಂದು ಹೇಳುವ ಶಾಸ್ತ್ರವೇ, ಇತರರ ಸತ್ಕಾರ್ಯಕ್ಕೆ ವಿಘ್ನವನ್ನುಂಟುಮಾಡುವವನಿಗೆ ಅಂತರಾಯ ಕರ್ಮದ ಆಸ್ರವವಾಗುತ್ತದೆಂದೂ ಹೇಳುತ್ತದೆ. ಒಬ್ಬನ ಕರ್ಮದ ವಿಚಾರವು ಅವನ ಆತ್ಮಶೋಧನೆಗೆ ಬಿಟ್ಟದ್ದು. ಅವನ ದರ್ಶನಕ್ಕೆ ಅಡ್ಡವಾಗಿರುವ ಹೊಸ್ತಿಲು ಮಾತ್ರ ಅದನ್ನು ಹಾಗೆಯೇ ಉಳಿಸಿಕೊಂಡಿರುವವರ ಹೊಣೆ. ದಾನಮಾಡುವ ಅಂತಃಕರಣವುಳ್ಳವರು ತಿಳಿದೂ ತಿಳಿಯದೆಯೋ ವಿಘ್ನಕ್ಕೆ ಕಾರಣರಾಗುವುದು ವಿಷಾದದ ಸಂಗತಿ.

ದಾನದ ವಿಷಯದಲ್ಲಿ ಜೈನ ಸಮಾಜದ ಸಾಧನೆ ನಿಜಕ್ಕೂ ದೊಡ್ಡದು. ಭಗವಾನ್ ಮಹಾವೀರರ 2500ನೆಯ ನಿರ್ವಾಣೋತ್ಸವವನ್ನು 1974-75ರಲ್ಲಿ ದೇಶದಾದ್ಯಂತ ಆಚರಿಸಲಾಯಿತು. ಆ ಕಾಲದಲ್ಲಿಯೇ, 1975ರಲ್ಲಿ, ಡಿ. ಆರ್. ಮೆಹತಾ ಅವರು ಜಯಪುರದಲ್ಲಿ ಭಗವಾನ್ ಮಹಾವೀರ ವಿಕಲಾಂಗ ಸಹಾಯತಾ ಸಮಿತಿಯನ್ನು ಸ್ಥಾಪಿಸಿದರು. ಡಾ. ಸೇಠಿಯವರು ಮತ್ತು ಕುಶಲಕರ್ಮಿ ರಾಮಚಂದ್ರ ಶರ್ಮಾ ಅವರು 1960ರ ದಶಕದ ಕೊನೆಯಲ್ಲಿ ರೂಪಿಸಿದ್ದ ಪಾದವು ಈ ಸಮಿತಿಯ ಮೂಲಕ ಲಕ್ಷಾಂತರ ಬಡವರಿಗೆ ಉಚಿತವಾಗಿ ದೊರೆಯಿತು. ಪಶ್ಚಿಮದಿಂದ ಬಂದ ಕೃತಕ ಕಾಲುಗಳು ಬೂಟು ತೊಟ್ಟು ಕುರ್ಚಿಯ ಮೇಲೆ ಕುಳಿತು ಬಾಳುವವರಿಗಾಗಿ ಮಾಡಿದಂಥವು. ರಬ್ಬರಿನಿಂದ ಮಾಡಿದ ಜಯಪುರದ ಪಾದವನ್ನು ತೊಟ್ಟವನು ಬರಿಗಾಲಿನಲ್ಲಿ ನಡೆಯಬಲ್ಲ, ಕುಕ್ಕುರುಗಾಲಿನಲ್ಲಿ ಕೂರಬಲ್ಲ, ಚಕ್ಕಳಮಕ್ಕಳ ಹಾಕಿ ಕೂರಬಲ್ಲ, ಕೆಸರಿನ ಗದ್ದೆಯಲ್ಲಿ ಇಳಿಯಬಲ್ಲ. ಪಾದರಕ್ಷೆಯನ್ನು ಹೊರಗೆ ಬಿಟ್ಟು ಬಸದಿಯನ್ನು ಪ್ರವೇಶಿಸಿ ನೆಲದ ಮೇಲೆ ಕುಳಿತು ಜಪಮಾಡುವ ದೇಶದ ಜೀವನಕ್ರಮವನ್ನು ಅರಿತು ಮಾಡಿದ ಸಾಧನವದು.

ಆದರೆ ಕಾಲನ್ನು ಕೊಟ್ಟ ಮಾತ್ರಕ್ಕೆ ಕಾರ್ಯವು ಪೂರ್ಣವಾಗುವುದಿಲ್ಲ. ಕಣ್ಣು ಕಾಣದವರು, ಕಿವಿ ಕೇಳಿಸದವರು, ಬೆನ್ನುಹುರಿಗೆ ಪೆಟ್ಟುಬಿದ್ದು ಗಾಲಿಕುರ್ಚಿಯನ್ನೇ ಅವಲಂಬಿಸಿದವರು, ಬುದ್ಧಿ ಬೆಳವಣಿಗೆಯಲ್ಲಿ ಹಿಂದುಳಿದ ಮಕ್ಕಳು ಇವರೆಲ್ಲರಿಗೂ ಕೃತಕ ಕಾಲು ಪರಿಹಾರವಲ್ಲ. ಅವರ ವಿಷಯದಲ್ಲಿ ಬದಲಾಗಬೇಕಾದುದು ಅವರ ದೇಹವಲ್ಲ, ಅವರು ಪ್ರವೇಶಿಸುವ ಸ್ಥಳ. ಕಳೆದ ಮೂರು ದಶಕಗಳಲ್ಲಿ ಜಗತ್ತಿನ ವಿಚಾರಧಾರೆಯು ಸಾಗಿಬಂದಿರುವುದು ಈ ದಿಸೆಯಲ್ಲಿಯೇ. ಭಾರತದಲ್ಲಿ ಅಂಗವಿಕಲರಿಗೆ ಸಂಬಂಧಿಸಿದ ಮೊದಲ ಸಮಗ್ರ ಶಾಸನವು 1995ರಲ್ಲಿ ಬಂದಿತು. 2006ರಲ್ಲಿ ವಿಶ್ವಸಂಸ್ಥೆಯು ಅಂಗೀಕರಿಸಿದ ಒಡಂಬಡಿಕೆಯು ಸಾಂಸ್ಕೃತಿಕ ಜೀವನದಲ್ಲಿಯೂ ವಿಹಾರ ವಿರಾಮಗಳಲ್ಲಿಯೂ ಭಾಗವಹಿಸುವುದು ಅಂಗವಿಕಲರ ಹಕ್ಕೆಂದು ಸಾರಿತು. ಭಾರತವು 2007ರಲ್ಲಿ ಅದನ್ನು ಸ್ಥಿರೀಕರಿಸಿತು. ಅದಕ್ಕೆ ಅನುಗುಣವಾಗಿ ಬಂದ 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮವು ಏಳಿದ್ದ ವೈಕಲ್ಯಗಳ ಪಟ್ಟಿಯನ್ನು ಇಪ್ಪತ್ತೊಂದಕ್ಕೆ ಏರಿಸಿತು.

ದೇವಾಲಯಗಳ ಆಡಳಿತ ಮಂಡಳಿಗಳು ಈ ಅಧಿನಿಯಮದ ಒಂದು ಅಂಶವನ್ನು ವಿಶೇಷವಾಗಿ ಲಕ್ಷಿಸಬೇಕು. 'ಸಾರ್ವಜನಿಕ ಕಟ್ಟಡ'ವೆಂಬ ಪದಕ್ಕೆ ಅದು ಕೊಡುವ ವ್ಯಾಖ್ಯೆಯಲ್ಲಿ, ಸರ್ಕಾರದ್ದಾಗಲಿ ಖಾಸಗಿಯದ್ದಾಗಲಿ, ಜನರು ಧಾರ್ಮಿಕ ಕಾರ್ಯಗಳಿಗೆ ಬಳಸುವ ಕಟ್ಟಡವೂ ಸೇರಿದೆ. ಸುಗಮ ಪ್ರವೇಶದ ನಿಯಮಗಳು ಆಸ್ಪತ್ರೆ, ಕಚೇರಿಗಳಿಗೆ ಮಾತ್ರ ಎಂಬ ತಿಳಿವಳಿಕೆ ತಪ್ಪು. 2024ರ ನವೆಂಬರಿನಲ್ಲಿ ರಾಜೀವ್ ರತೂರಿ ಅವರ ಪ್ರಕರಣದಲ್ಲಿ ತೀರ್ಪು ನೀಡಿದ ಸರ್ವೋಚ್ಚ ನ್ಯಾಯಾಲಯವು, ಇಂಥ ಮಾನದಂಡಗಳು ಕೇವಲ ಸಲಹೆಯಾಗಿ ಉಳಿಯದೆ ಕಡ್ಡಾಯವಾದ ನಿಯಮಗಳಾಗಬೇಕೆಂದು ಕೇಂದ್ರ ಸರ್ಕಾರಕ್ಕೆ ನಿರ್ದೇಶಿಸಿತು. 2011ರ ಜನಗಣತಿಯ ಪ್ರಕಾರ ದೇಶದಲ್ಲಿ 2.68 ಕೋಟಿ, ಕರ್ನಾಟಕದಲ್ಲಿ 13 ಲಕ್ಷಕ್ಕೂ ಹೆಚ್ಚು ಮಂದಿ ವಿಕಲಚೇತನರಿದ್ದರು. ಮುಪ್ಪಿನಿಂದ ಮಂಡಿ ಸೋತವರನ್ನು ಇದಕ್ಕೆ ಕೂಡಿಸಿದರೆ, ಈ ಸಮಸ್ಯೆಯು ತಟ್ಟದ ಮನೆಯೇ ಇಲ್ಲವೆನ್ನಬಹುದು.

ಪ್ರಾಚೀನ ಸ್ಮಾರಕಗಳಲ್ಲಿ ಇದು ಹೇಗೆ ಸಾಧ್ಯವೆಂಬ ಶಂಕೆ ಸಹಜ. ಇದಕ್ಕೆ ಇತ್ತೀಚಿನ ಇತಿಹಾಸವೇ ಉತ್ತರ ಕೊಡುತ್ತದೆ. 2001ರ ಜನವರಿಯಲ್ಲಿ ವಿಜ್ಞಾನಿ ಸ್ಟೀಫನ್ ಹಾಕಿಂಗ್ ಅವರು ದೆಹಲಿಗೆ ಬಂದಾಗ, ಅಂಗವಿಕಲರ ಹಕ್ಕುಗಳಿಗಾಗಿ ದುಡಿಯುತ್ತಿದ್ದ ಜಾವೇದ್ ಆಬಿದಿ ಅವರ ಒತ್ತಾಯದ ಮೇರೆಗೆ ಅಲ್ಲಿಯ ಕೆಲವು ಸ್ಮಾರಕಗಳಲ್ಲಿ ಮರದ ತಾತ್ಕಾಲಿಕ ಇಳಿಜಾರುಗಳನ್ನು ಹಾಕಲಾಯಿತು. ವಿಶ್ವವಿಖ್ಯಾತನಾದ ಅತಿಥಿಗಾಗಿ ಕೆಲವೇ ದಿನಗಳಲ್ಲಿ ಆಗಬಹುದಾದ ಕೆಲಸವು ನಿತ್ಯದ ಪ್ರವಾಸಿಗರಿಗಾಗಿ ಏಕೆ ಆಗಬಾರದೆಂಬ ಪ್ರಶ್ನೆಗೆ ಯಾರಲ್ಲಿಯೂ ಸಮರ್ಪಕವಾದ ಉತ್ತರವಿರಲಿಲ್ಲ. ಮುಂದೆ, ಸ್ವತಃ ಗಾಲಿಕುರ್ಚಿಯನ್ನು ಬಳಸುವ ಸ್ಮಿನು ಜಿಂದಾಲ್ ಅವರು ಸ್ಥಾಪಿಸಿದ 'ಸ್ವಯಂ' ಸಂಸ್ಥೆಯು ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯೊಡನೆ ಕೂಡಿ ಕುತುಬ್ ಮಿನಾರಿನ ಆವರಣದಲ್ಲಿ ಶಾಶ್ವತವಾದ ಅನುಕೂಲಗಳನ್ನು ಒದಗಿಸಿತು.

ಬೆಟ್ಟದ ಮೇಲಿನ ಕ್ಷೇತ್ರಗಳಿಗೆ ಇನ್ನೂ ಎರಡು ಉದಾಹರಣೆಗಳು ಪಾಠವಾಗಬಲ್ಲವು. ಗ್ರೀಸಿನ ಅಥೆನ್ಸ್ ನಗರದ ಅಕ್ರೊಪೊಲಿಸ್ ಎರಡೂವರೆ ಸಾವಿರ ವರ್ಷಗಳಷ್ಟು ಹಳೆಯ ದೇಗುಲಗಳಿರುವ ಕಡಿದಾದ ಬಂಡೆ. 2004ರ ಪ್ಯಾರಾಲಿಂಪಿಕ್ ಕ್ರೀಡೆಗಳ ಸಲುವಾಗಿ ಅದರ ಒಂದು ಪಾರ್ಶ್ವದಲ್ಲಿ ಲಿಫ್ಟ್ ಒಂದನ್ನು ಅಳವಡಿಸಲಾಯಿತು. ಅದು ಸರಿಯಾಗಿ ಬಾಳಿಕೆ ಬಾರದಿದ್ದಾಗ, 2020ರ ಡಿಸೆಂಬರ್ 3ರಂದು, ಅಂತಾರಾಷ್ಟ್ರೀಯ ಅಂಗವಿಕಲರ ದಿನದಂದೇ, ಹೊಸದೊಂದನ್ನು ಉದ್ಘಾಟಿಸಲಾಯಿತು. ಅದೇ ಸಮಯದಲ್ಲಿ ಮೇಲಿನ ಬಂಡೆಯ ಮೇಲೆ ಹಾಸಿದ ಕಾಂಕ್ರೀಟಿನ ಹಾದಿಯನ್ನು ಪುರಾತತ್ವಜ್ಞರು ಅನೇಕರು ಟೀಕಿಸಿದರು. ಅನುಕೂಲವನ್ನು ಒದಗಿಸುವಾಗಲೂ ಪ್ರಾಚೀನತೆಯ ಬಗೆಗೆ ವಿವೇಕವಿರಬೇಕೆಂಬುದು ಇದರಿಂದ ಸ್ಪಷ್ಟವಾಗುತ್ತದೆ. ಇನ್ನೊಂದು ಉದಾಹರಣೆ ನೇಮಿನಾಥ ತೀರ್ಥಂಕರರ ನಿರ್ವಾಣಭೂಮಿಯಾದ ಗಿರನಾರ್. ಅಲ್ಲಿ 2020ರ ಅಕ್ಟೋಬರ್ 24ರಂದು ಆರಂಭವಾದ ರೋಪ್‌ವೇ ಯಾತ್ರಿಕರನ್ನು ಕೆಲವೇ ನಿಮಿಷಗಳಲ್ಲಿ ಅಂಬಾಜಿ ಶಿಖರಕ್ಕೆ ಒಯ್ಯುತ್ತದೆ. ಆದರೆ ಜೈನ ಮಂದಿರಗಳಿರುವುದು ಅದಕ್ಕಿಂತ ಕೆಳಗೆ. ಅಲ್ಲಿಗೆ ಮತ್ತೆ ಮೆಟ್ಟಿಲಿಳಿದೇ ಬರಬೇಕು. ಯಾತ್ರೆಯೆಂಬುದು ಒಂದು ಸರಪಳಿ. ಕೊಂಡಿಯೊಂದು ಕಳಚಿದ್ದರೂ ಉಳಿದವುಗಳಿಂದ ಪ್ರಯೋಜನವಿಲ್ಲ.

ಈ ಪಾಠಗಳನ್ನು ಮುಂದಿಟ್ಟುಕೊಂಡು ಬೆಳಗೊಳವನ್ನು ನೋಡಬಹುದು. ಗಾಲಿಕುರ್ಚಿಯು ಸುರಕ್ಷಿತವಾಗಿ ಸಾಗಲು ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದದ ಇಳಿಜಾರು ಇರಬೇಕೆಂಬುದು ಅಂಗೀಕೃತ ಪ್ರಮಾಣ. ಆ ಲೆಕ್ಕದಂತೆ 470 ಅಡಿ ಎತ್ತರದ ವಿಂಧ್ಯಗಿರಿಗೆ 5,640 ಅಡಿ, ಎಂದರೆ ಒಂದು ಮೈಲಿಗೂ ಮಿಕ್ಕ ಹಾದಿ ಬೇಕಾಗುತ್ತದೆ. ನಡುನಡುವೆ ತಂಗುವ ಸಮತಟ್ಟುಗಳ ಲೆಕ್ಕ ಬೇರೆ. ಶಾಸನಗಳಿಂದ ತುಂಬಿದ, ಕಾಯಿದೆಯ ರಕ್ಷಣೆಯಲ್ಲಿರುವ ಬಂಡೆಯನ್ನು ಅದಕ್ಕಾಗಿ ಕಡಿಯುವುದನ್ನು ಯಾರೂ ಒಪ್ಪಲಾರರು, ಒಪ್ಪಲೂಬಾರದು. ಯಂತ್ರದ ಸಹಾಯದಿಂದ ಏರುವ ಯೋಜನೆ ಯಾವುದಾದರೂ ಬರುವುದಿದ್ದರೆ, ಅದು ಪುರಾತತ್ವಜ್ಞರ ಒಪ್ಪಿಗೆಯಿಂದ, ಬಂಡೆಗೆ ಗಾಯವಾಗದಂತೆ, ಬೇಡವಾದಾಗ ತೆಗೆಯಬಹುದಾದ ರೀತಿಯಲ್ಲಿಯೇ ಬರಬೇಕು. ಅದಕ್ಕೆ ಕಾಲ ಹಿಡಿಯುತ್ತದೆ.

ಆದರೆ ಬೆಟ್ಟದ ಕಷ್ಟವನ್ನು ಮುಂದೊಡ್ಡಿ ನೆಲದ ಮೇಲಿನ ಕೆಲಸವನ್ನು ಬಿಡುವುದು ಸರಿಯಲ್ಲ. ಹೊಯ್ಸಳರ ಭಂಡಾರಿ ಹುಳ್ಳನು 1159ರಲ್ಲಿ ಕಟ್ಟಿಸಿದ, ಇಪ್ಪತ್ತನಾಲ್ಕು ತೀರ್ಥಂಕರರ ಭಂಡಾರಿ ಬಸದಿಯೂ, ಆಚಿಯಕ್ಕನು 1181ರಲ್ಲಿ ಕಟ್ಟಿಸಿದ ಅಕ್ಕನ ಬಸದಿಯೂ, ಭಿತ್ತಿಚಿತ್ರಗಳಿಂದ ಶೋಭಿಸುವ ಮಠವೂ, ಕಲ್ಯಾಣಿಯೂ ಊರೊಳಗೇ ಇವೆ. ಇಂಥಲ್ಲಿ ಎದುರಾಗುವ ಅಡ್ಡಿ ನೂರಾರು ಅಡಿಯ ಬೆಟ್ಟವಲ್ಲ; ಜಗತಿಯ ಕೆಲವು ಮೆಟ್ಟಿಲುಗಳು ಮತ್ತು ಎತ್ತರದ ಹೊಸ್ತಿಲು. ಕಲ್ಲಿಗೆ ಮೊಳೆ ಹೊಡೆಯದೆ ಇರಿಸಿ ತೆಗೆಯಬಹುದಾದ ಮರದ ಇಳಿಜಾರು ಅನೇಕ ಕಡೆ ಸಾಕಾದೀತು. ನಾಡಿನ ಬಹುತೇಕ ಬಸದಿಗಳಿಗೂ ಈ ಮಾತು ಸಲ್ಲುತ್ತದೆ.

ಹೊರಗಿನ ಧೂಳಿನಲ್ಲಿ ಉರುಳಿದ ಗಾಲಿಯು ಒಳಗೆ ಬರಬಾರದೆಂಬ ಶುಚಿತ್ವದ ಭಾವನೆಗೂ, ಚರ್ಮದ ವಸ್ತುವಿನ ನಿಷೇಧಕ್ಕೂ ಪರಿಹಾರವಿದೆ. ಬಸದಿಯೊಳಗಿನ ಉಪಯೋಗಕ್ಕೆಂದೇ ಒಂದೆರಡು ಗಾಲಿಕುರ್ಚಿಗಳನ್ನು ಶುದ್ಧವಾಗಿ ಇರಿಸಬಹುದು. ಚರ್ಮದ ಪಟ್ಟಿಯ ಕ್ಯಾಲಿಪರ್‌ಗೆ ಬದಲಾಗಿ ಬಟ್ಟೆಯ ಅಥವಾ ನೈಲಾನ್ ಪಟ್ಟಿಯನ್ನು ಹಾಕಿಸಲು ನೆರವಾಗಬಹುದು. ಯಾತ್ರಿ ನಿವಾಸದ ನೆಲ ಅಂತಸ್ತಿನಲ್ಲಿ ಅಗಲ ಬಾಗಿಲಿನ, ಹಿಡಿಕೆಗಳುಳ್ಳ ಶೌಚಾಲಯವಿರುವ ಒಂದೆರಡು ಕೊಠಡಿಗಳು ಅತ್ಯಗತ್ಯ. ಶೌಚಾಲಯವಿಲ್ಲವೆಂಬ ಒಂದೇ ಕಾರಣದಿಂದ ಯಾತ್ರೆಯ ವಿಚಾರವನ್ನೇ ಕೈಬಿಡುವ ಕುಟುಂಬಗಳಿವೆ. ಭೋಜನಶಾಲೆಯಲ್ಲಿ ನೆಲದ ಪಂಕ್ತಿಯ ಜೊತೆಗೆ ಮೇಜೊಂದಿದ್ದರೆ ಸಂಪ್ರದಾಯಕ್ಕೆ ಭಂಗವಾಗದು. ಪ್ರವಚನ ಸಭೆಗಳಲ್ಲಿ ಕಿವಿ ಕೇಳಿಸದವರಿಗಾಗಿ ಸಂಜ್ಞಾಭಾಷೆಯನ್ನು ಬಲ್ಲ ಒಬ್ಬರನ್ನು ಕರೆಸಬಹುದು.

ಕಣ್ಣು ಕಾಣದವರ ವಿಷಯದಲ್ಲಿ ಗೊಮ್ಮಟನ ಪಾದದ ಬಳಿಯ ಶಾಸನಗಳೇ ಮಾರ್ಗದರ್ಶಕವಾಗಿವೆ. ಮೂರ್ತಿಯನ್ನು ಚಾವುಂಡರಾಯನು ಮಾಡಿಸಿದನೆಂಬ ಸಂಗತಿಯನ್ನು ಅಲ್ಲಿ ಕನ್ನಡ, ತಮಿಳು, ಮರಾಠಿಗಳಲ್ಲಿ, ಬೇರೆಬೇರೆ ಲಿಪಿಗಳಲ್ಲಿ ಕೊರೆಯಲಾಗಿದೆ. ದೂರದ ನಾಡುಗಳಿಂದ ಬಂದವನೂ ತನಗೆ ತಿಳಿದ ಅಕ್ಷರದಲ್ಲಿ ಓದಿಕೊಳ್ಳಲೆಂಬ ಸೌಜನ್ಯ ಅದರ ಹಿಂದಿರಬೇಕು. ಬೆರಳ ತುದಿಯಿಂದ ಓದುವವರಿಗಾಗಿ ಅದೇ ವಿವರವನ್ನು ಬ್ರೈಲ್ ಲಿಪಿಯ ಫಲಕವೊಂದರಲ್ಲಿ ಸಿದ್ಧಪಡಿಸಿ ಬೆಟ್ಟದ ಬುಡದಲ್ಲಿ ಇರಿಸಿದರೆ ಅದು ಆ ಸೌಜನ್ಯದ ಮುಂದುವರಿಕೆಯೇ ಆಗುತ್ತದೆ. ಅದರ ಪಕ್ಕದಲ್ಲಿ ಮೂರ್ತಿಯ ಪ್ರಮಾಣಬದ್ಧವಾದ ಪ್ರತಿಕೃತಿಯೊಂದಿದ್ದರೆ, ಅಂಧನಾದ ಬಾಲಕನು ತೋಳನ್ನು ಸುತ್ತಿದ ಬಳ್ಳಿಯನ್ನೂ, ಪಾದದ ಬಳಿಯ ಹುತ್ತವನ್ನೂ ತನ್ನ ಕೈಯಿಂದಲೇ ತಿಳಿದುಕೊಳ್ಳುವನು.

ಇಷ್ಟೆಲ್ಲ ಮಾಡಿದರೂ ಉಪಯೋಗಿಸುವವರು ಎಷ್ಟು ಮಂದಿ, ಅಂಥವರು ಬರುವುದೇ ಅಪರೂಪವಲ್ಲವೆ ಎಂದು ಕೆಲವರು ಕೇಳಬಹುದು. ದಾರಿಯಿಲ್ಲದುದರಿಂದಲೇ ಅವರು ಬರುವುದಿಲ್ಲ. ಬಾರದಿರುವುದನ್ನೇ ದಾರಿ ಮಾಡದಿರುವುದಕ್ಕೆ ಕಾರಣವಾಗಿ ಹೇಳುವುದು ನ್ಯಾಯವಲ್ಲ. ಮನೆಯವರೆಲ್ಲರೂ ಯಾತ್ರೆಗೆ ಹೊರಟಾಗ ಒಬ್ಬರು ಹಿಂದುಳಿಯುತ್ತಾರೆ. ಅವರನ್ನು ನೋಡಿಕೊಳ್ಳಲು ಇನ್ನೊಬ್ಬರು, ಸಾಮಾನ್ಯವಾಗಿ ತಾಯಿಯೋ ಸೊಸೆಯೋ, ಉಳಿಯುತ್ತಾರೆ. ಹೀಗೆ ತಪ್ಪಿಹೋದ ದರ್ಶನಗಳು ಯಾವ ಕ್ಷೇತ್ರದ ದಫ್ತರದಲ್ಲಿಯೂ ದಾಖಲಾಗುವುದಿಲ್ಲ. ಚಾವುಂಡರಾಯನ ವೈಭವದ ಅಭಿಷೇಕವು ಮೂರ್ತಿಯನ್ನು ಪೂರ್ತಿಯಾಗಿ ತೋಯಿಸದೆ, ಗುಳ್ಳಕಾಯಜ್ಜಿಯ ಸಣ್ಣ ಪಾತ್ರೆಯ ಹಾಲು ಅಡಿಯಿಂದ ಮುಡಿಯವರೆಗೆ ತೋಯಿಸಿತೆಂಬ ಐತಿಹ್ಯವನ್ನು ಪ್ರತಿಯೊಂದು ಮನೆಯಲ್ಲಿಯೂ ಮಕ್ಕಳಿಗೆ ಹೇಳಲಾಗುತ್ತದೆ. ಆ ಅಜ್ಜಿಯು ಸನ್ನಿಧಿಯವರೆಗೆ ಬರಲು ಸಾಧ್ಯವಾಯಿತು, ಆದುದರಿಂದಲೇ ಅಭಿಷೇಕವು ಪೂರ್ಣವಾಯಿತು ಎಂಬ ಅಂಶವನ್ನೂ ಅದರೊಡನೆ ಹೇಳಬೇಕು.

ಕಳೆದ ಮಹಾಮಸ್ತಕಾಭಿಷೇಕವು 2018ರಲ್ಲಿ ನೆರವೇರಿತು. ಹನ್ನೆರಡು ವರ್ಷಗಳ ಕ್ರಮವನ್ನು ಅನುಸರಿಸಿದರೆ ಮುಂದಿನದು 2030ರ ಸುಮಾರಿಗೆ ಬರುತ್ತದೆ. ಆ ಸಿದ್ಧತೆಯ ಕಾಲದಲ್ಲಿ ರಸ್ತೆ, ನೀರು, ವಸತಿಗಳ ಯೋಜನೆಯ ಜೊತೆಗೆ ಈ ಕಾರ್ಯವೂ ಮೊದಲಿನಿಂದಲೇ ಸೇರಿದ್ದರೆ ಖರ್ಚು ಅಲ್ಪವಾಗುತ್ತದೆ. ಕೊನೆಯಲ್ಲಿ ಸೇರಿಸಹೊರಟರೆ ಹೆಚ್ಚಾಗುತ್ತದೆ. ಅದಕ್ಕೂ ಮೊದಲು ಪ್ರತಿಯೊಂದು ಊರಿನ ಬಸದಿಯ ಆಡಳಿತ ಮಂಡಳಿಯು ತನ್ನ ಮುಂದಿನ ಸಭೆಗೆ, ಗಾಲಿಕುರ್ಚಿಯಲ್ಲಿ ಕುಳಿತ ಒಬ್ಬರನ್ನೂ ಕಣ್ಣು ಕಾಣದ ಒಬ್ಬರನ್ನೂ ಆಹ್ವಾನಿಸಿ, ಹೆಬ್ಬಾಗಿಲಿನಿಂದ ಗರ್ಭಗೃಹದ ಎದುರಿನವರೆಗೆ ಅವರೊಡನೆ ಒಮ್ಮೆ ನಡೆದು, ಎಲ್ಲಿ ಎಷ್ಟು ಅಂಗುಲದ ಅಡ್ಡಿಯಿದೆಯೆಂಬುದನ್ನು ಅಳೆದು ಬರೆದುಕೊಳ್ಳಲಿ. ಇದಕ್ಕೆ ಅನುದಾನವಾಗಲಿ, ಇಲಾಖೆಯ ಅಪ್ಪಣೆಯಾಗಲಿ ಬೇಕಾಗಿಲ್ಲ.